ಸೀಟಿ ಅಕ್ಕ ಸುಮ್ಮನಾದ ಹದಿನೈದು ದಿನ

ಮೃಗಾಲಯದಲ್ಲಿ ಎಲ್ಲರ ಬಾಯಲ್ಲೂ ಅವಳು ಸೀಟಿ ಅಕ್ಕ. ಇಪ್ಪತ್ತಮೂರು ವರ್ಷದ ಹಿಂದೆ ಪ್ರಾಣಿಗಳಿಗೆ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿದವಳು ಈಗ ಗಿಬ್ಬನ್ ಮನೆಗೆ ಯಜಮಾನಿ. ಗಿಬ್ಬನ್ ಎಂದರೆ ಬಾಲವಿಲ್ಲದ, ಉದ್ದ ತೋಳಿನ ವಾನರ. ಬೆಳಗಾದರೆ ಹಾಡುವ ಜೀವ. ಯಾವುದಕ್ಕೆ ಹೊಟ್ಟೆ ಕೆಟ್ಟಿದೆ ಎಂದು ಅವಳು ಹಾಡು ಕೇಳಿಯೇ ಹೇಳುತ್ತಿದ್ದಳು. ಡಾಕ್ಟರು ಆಮೇಲೆ ಪರೀಕ್ಷೆ ಮಾಡಿ ಹೌದೆನ್ನುತ್ತಿದ್ದರು.

ಅಂಥವಳ ಕೈಯಲ್ಲೇ ಒಂದು ತಪ್ಪು ನಡೆದುಹೋಗಿತ್ತು.

ಹೆಣ್ಣು ಗಿಬ್ಬನ್ನಿನ ಹಾಡು ಮೆಲ್ಲಗೆ ಶುರುವಾಗಿ, ಏರುತ್ತ ಏರುತ್ತ ತುದಿ ಮುಟ್ಟಿ ಇಳಿಯುತ್ತದೆ. ಧಾಟಿ ಹುಟ್ಟಿನಿಂದಲೇ ಬರುತ್ತದೆ. ಹದ ಬರುವುದು ಮಾತ್ರ ವರ್ಷಗಟ್ಟಲೆ ತಾಯಿಯ ಜೊತೆ ದನಿಗೂಡಿಸಿದ ಮೇಲೆ. ಮೂರು ವರ್ಷದ ಹಿಂದೆ, ಅಲ್ಲಿನ ನಾಲ್ಕು ವರ್ಷದ ಹೆಣ್ಣುಮರಿ, ಎಲ್ಲರೂ ಚಿಕ್ಕವಳು ಎನ್ನುತ್ತಿದ್ದದ್ದು, ಏರುವ ಜಾಗದಲ್ಲಿ ತಡವರಿಸಿದಾಗ ಅಕ್ಕನಿಗೆ ತಡೆಯಲಾಗಲಿಲ್ಲ. ಸೀಟಿ ಹೊಡೆದು ದನಿಯನ್ನು ಮೇಲಕ್ಕೆತ್ತಿಕೊಟ್ಟಳು. ಚಿಕ್ಕವಳು ಹತ್ತಿಯೇಬಿಟ್ಟಳು. ಮರುದಿನವೂ ಹಾಗೇ, ಅದರ ಮರುದಿನವೂ.

ಈಗ ಚಿಕ್ಕವಳಿಗೆ ಏಳು ತುಂಬಿತ್ತು. ಇನ್ನೊಂದು ಊರಿನ ಮೃಗಾಲಯದಲ್ಲಿ ಒಂಟಿ ಗಂಡೊಂದು ಕಾದಿತ್ತು.

"ಅಕ್ಕ, ನೀವು ರಜೆ ಹಾಕಿದ ದಿನಗಳ ದಾಖಲೆ ನೋಡಿದೆ," ಎಂದರು ಡಾಕ್ಟರು. "ನಿಮ್ಮ ಸೀಟಿ ಇಲ್ಲದೆ ಒಂದು ದಿನಾನೂ ಅವಳ ಹಾಡು ಅರ್ಧ ದಾಟಿಲ್ಲ. ಅಲ್ಲಿ ಹೋಗಿ ಜೊತೆಗೂಡಿ ಹಾಡದೇ ಇದ್ರೆ ಜೋಡಿ ಹೇಗೆ ಕೂಡುತ್ತೆ? ಈ ಗಂಡು ತಪ್ಪಿದ್ರೆ ಇನ್ನೊಂದು ಯಾವಾಗ ಸಿಗುತ್ತೋ."

ಅಕ್ಕ ದಾಖಲೆಯ ಪುಟ ತಿರುವಿ ನೋಡಿದಳು. ಆಮೇಲೆ, "ಹದಿನೈದು ದಿನ ಕೊಡಿ ಡಾಕ್ಟ್ರೇ. ಕೆಡಿಸಿದ್ದು ನಾನು, ಸರಿ ಮಾಡೋದೂ ನನಗೆ ಗೊತ್ತು."

"ಏನು ಮಾಡ್ತೀರಿ?"

"ಏನೂ ಮಾಡಲ್ಲ. ಅವಳಮ್ಮ ಇದ್ದಾಳಲ್ಲ, ಅವಳು ಮಾಡ್ತಾಳೆ."

ಅಂದೇ ನೀರಾನೆ ನೋಡಿಕೊಳ್ಳುವ, ಮೃಗಾಲಯದವರೆಲ್ಲ ಮಾವ ಎನ್ನುವ ಹಿರಿಯ ಪಾಲಕನ ಜೊತೆ ಕೆಲಸ ಬದಲಿಸಿಕೊಂಡಳು. ಮಾವನಿಗೆ ಮುಂದಿನ ಹಲ್ಲೆರಡು ಇರಲಿಲ್ಲ. ಸೀಟಿ ಹೊಡೆಯುವ ಭಯವೇ ಇಲ್ಲ.

"ನನ್ನ ಬೊಕ್ಕ ಬಾಯಿಗೂ ಒಂದು ಕಾಲ ಬಂತು ನೋಡಮ್ಮ," ಎಂದ ಮಾವ.

"ಬಾಯಿ ಮುಚ್ಚಿಕೊಂಡು ಬರೀತಾ ಇರು ಮಾವ. ಎಷ್ಟು ಹೊತ್ತಿಗೆ ಶುರು, ಎಲ್ಲಿ ನಿಲ್ತು, ಅಷ್ಟೇ."

ನಾಲ್ಕು ದಿನ ಮಾವನ ಪುಸ್ತಕದಲ್ಲಿ ಒಂದೇ ಸಾಲು: ಅರ್ಧಕ್ಕೆ ನಿಂತಿತು. ಮನೆಯಲ್ಲಿ ಅತ್ತೆ ಬೇರೆ, "ನಿನ್ನ ಮಗಳನ್ನ ಯಾರೇನು ಕೇಳಿದ್ರೂ ನೀನೇ ಉತ್ತರ ಹೇಳ್ತೀಯ. ಪಾಪ, ಆ ಪ್ರಾಣೀನೂ ಬಿಡಲಿಲ್ಲವಾ?" ಎಂದರು. ಅಕ್ಕ ನಕ್ಕಳು. ನಿದ್ದೆಯನ್ನೇನೂ ಕೆಡಿಸಿಕೊಳ್ಳಲಿಲ್ಲ.

ಐದನೆಯ ದಿನ ನೀರಾನೆ ಕೊಳ ತಿಕ್ಕುತ್ತಿದ್ದವಳು ಪೊರಕೆ ನಿಲ್ಲಿಸಿ ಕಿವಿಗೊಟ್ಟಳು. ತಾಯಿ ಗಿಬ್ಬನ್ ಹಾಡನ್ನು ನಿಧಾನ ಮಾಡಿದ್ದಳು. ಏರುವ ಜಾಗಕ್ಕೆ ಬಂದು ನಿಂತಳು, ಕಾದಳು, ಮತ್ತೆ ಮೊದಲಿಂದ ಎತ್ತಿಕೊಂಡಳು. ಇಷ್ಟು ವರ್ಷ ಆ ಬಿಡುವಿನಲ್ಲೇ ತನ್ನ ಸೀಟಿ ತೂರಿಕೊಂಡಿತ್ತು ಎಂದು ಅಕ್ಕನಿಗೆ ಆಗ ಹೊಳೆಯಿತು.

ಒಂಬತ್ತನೆಯ ದಿನ ಚಿಕ್ಕವಳು ಏರಿದಳು. ತುದಿಯಲ್ಲಿ ದನಿ ಒಡೆಯಿತು. ಹತ್ತನೆಯ ದಿನ ಮಳ್ಳಿಯಂತೆ ಹಗ್ಗಕ್ಕೆ ಜೋತುಬಿದ್ದು ಬಾಯೇ ಬಿಡಲಿಲ್ಲ. ಹದಿಮೂರನೆಯ ದಿನ ಬೆಳಗ್ಗೆ ಎರಡು ದನಿ ಒಟ್ಟಿಗೆ ಏರಿ, ಒಟ್ಟಿಗೆ ಇಳಿದವು. ಮಾವ ಪುಸ್ತಕ ಹಿಡಿದು ಓಡೋಡಿ ಬಂದ.

"ತುದಿಗೆ ಬಂದಾಗ ಅಮ್ಮ ಕಂಬಿಯಿಂದ ಕಂಬಿಗೆ ಹಾರಿದಳು, ಇವಳೂ ಹಿಂದೆಯೇ ಹಾರಿದಳು ಕಣಮ್ಮ! ಕೊನೆಗೆ ಅಮ್ಮ ಸುಮ್ಮನಾದರೂ ಇವಳು ಇನ್ನೊಂದು ಸಲ ಒಬ್ಬಳೇ ಹಾಡಿದಳು!"

"ಪೂರ್ತಿನಾ?"

"ಪೂರ್ತಿ!"

ಇನ್ನೆರಡು ದಿನವೂ ಚಿಕ್ಕವಳು ತಪ್ಪಲಿಲ್ಲ. ಡಾಕ್ಟರು ಸಾಗಣೆ ಕಾಗದಕ್ಕೆ ಸಹಿ ಹಾಕಿ, ಆ ಊರಿನ ಪಾಲಕರಿಗೆ ಸೂಚನೆ ಬರೆಯಲು ಅಕ್ಕನಿಗೆ ಕೊಟ್ಟರು. ಅವಳು ಆಹಾರದ ಅಳತೆ, ಹೊತ್ತು ಎಲ್ಲ ಬರೆದು, ಕೊನೆಗೆ ದೊಡ್ಡ ಅಕ್ಷರದಲ್ಲಿ ಸೇರಿಸಿದಳು: "ಅವಳು ಹಾಡನ್ನು ನಡುವೆ ನಿಲ್ಲಿಸಿದರೆ ಗಾಬರಿಯಾಗಬೇಡಿ. ಸುಮ್ಮನೆ ಕಾಯಿರಿ."