ಸ್ಪ್ರಿಂಗಿಲ್ಲದ ಉಕ್ಕಿನ ಫೋರ್ಕ್

ನಿಮ್ಮೆದುರು ಒಪ್ಪಿಕೊಂಡುಬಿಡುತ್ತೇನೆ: ಮಗಳು ಯಾವ ಯೂನಿವರ್ಸಿಟಿಗೆ ಹೋಗಬೇಕು ಎಂದು ಯೋಚಿಸಿದ್ದಕ್ಕಿಂತ ಹೆಚ್ಚು ಹೊತ್ತು ನಾನು ಸೈಕಲ್ಲಿಗೆ ಯಾವ ಫೋರ್ಕ್ ಹಾಕಿಸಬೇಕು ಎಂದು ಯೋಚಿಸಿದ್ದೇನೆ. ಮಗಳು ತನ್ನದನ್ನು ತಾನೇ ಆರಿಸಿಕೊಂಡಳು. ಸೈಕಲ್ಲಿಗೆ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಫೋರ್ಕ್ ಎಂದರೆ ಊಟದ ಮೇಜಿನದಲ್ಲ. ಮುಂದಿನ ಗಾಲಿಯನ್ನು ಎರಡೂ ಬದಿಯಿಂದ ಹಿಡಿದುಕೊಂಡು ಹ್ಯಾಂಡಲ್ಲಿನವರೆಗೆ ಏರುವ ಕವಲು. ನನ್ನದು ಮೌಂಟನ್ ಬೈಕ್. ತೊಂಬತ್ತರ ದಶಕದಲ್ಲಿ, ಲಂಡನ್ನಿನಲ್ಲಿ ಒಂದೂ ಬೆಟ್ಟವಿಲ್ಲದಿದ್ದರೂ ಎಲ್ಲರೂ ಮೌಂಟನ್ ಬೈಕ್ ಕೊಳ್ಳುತ್ತಿದ್ದಾಗ ನಾನೂ ಒಂದನ್ನು ಕೊಂಡೆ. ಅದರ ಫೋರ್ಕಿನೊಳಗೆ ಸ್ಪ್ರಿಂಗು, ಎಣ್ಣೆ ಎಲ್ಲ ಇದ್ದವು. ಗುಂಡಿ ಬಂದರೆ ಕುಗ್ಗಿ ಮತ್ತೆ ಏಳುತ್ತಿತ್ತು. ಎಂಟು ವರ್ಷ, ಲಂಡನ್ನಿನ ಅಂಚಿನಲ್ಲಿ ನಾವಿರುವ ಸ್ಟ್ಯಾನ್ಮೋರಿನಿಂದ ಆಸ್ಪತ್ರೆಗೂ ಆಸ್ಪತ್ರೆಯಿಂದ ಸ್ಟ್ಯಾನ್ಮೋರಿಗೂ ನನ್ನನ್ನು ಹೊತ್ತ ಮೇಲೆ ಎಣ್ಣೆ ಸೋರಿತು, ಸ್ಪ್ರಿಂಗ್ ಸತ್ತಿತು. ಬ್ರೇಕ್ ಹಿಡಿದಾಗಲೆಲ್ಲ ಸೈಕಲ್ಲಿನ ಮುಂಭಾಗ ಸಾಷ್ಟಾಂಗ ನಮಸ್ಕಾರ ಮಾಡತೊಡಗಿತು. ಒಂದು ದಿನ ಅದರ ಜೊತೆ ನಾನೂ ಮಾಡಿ, ಮೊಣಕೈ ತರಚಿಕೊಂಡು ಮನೆಗೆ ಬಂದೆ.

ಸ್ಟ್ಯಾನ್ಮೋರಿನಲ್ಲಿ ಮನೆಗೆರಡು ಕಾರು. ನಾವು ಕನ್ನಡದ ಡಾಕ್ಟರುಗಳು ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿದರೆ ಮೊದಲ ಅರ್ಧ ಗಂಟೆ ಕಾರಿನದೇ ಮಾತು. ಹೆಲ್ಮೆಟ್ ಹಾಕಿಕೊಂಡು, ಬೆವರೊರೆಸಿಕೊಳ್ಳುತ್ತ ಬರುವವನು ನಾನೊಬ್ಬನೇ. ಮೈಸೂರಿನ ಗುರುರಾಜ ನನ್ನ ಗೆಳೆಯ, ಹೃದಯದ ಡಾಕ್ಟರು. ವಾರವಿಡೀ ರೋಗಿಗಳಿಗೆ ವ್ಯಾಯಾಮ ಮಾಡಿ ಎಂದು ಹೇಳಿ ಸುಸ್ತಾಗಿ ಬರುವ ಅವನು ನನ್ನನ್ನು ನೋಡಿದ ಕೂಡಲೇ ಶುರು ಮಾಡುತ್ತಾನೆ.

"ಏನಯ್ಯಾ, ಐವತ್ತೆರಡರಲ್ಲಿ ಇದೆಲ್ಲಾ ಬೇಕಾ? ನಿನ್ನ ಆಸ್ಪತ್ರೆ ಹೇಗೂ ನನ್ನ ದಾರೀಲೇ ಇದೆ. ನನ್ ಕಾರಲ್ಲೇ ಬಾ."

ಅವನು ಪ್ರೀತಿಯಿಂದಲೇ ಹೇಳುವುದು. ಆದರೆ ಆ ಕಾರು ಹತ್ತಿದರೆ ಅವನು ಹೊರಟಾಗ ಹೊರಡಬೇಕು, ಅವನು ಮುಗಿಸುವವರೆಗೆ ಕಾಯಬೇಕು, ದಾರಿಯುದ್ದಕ್ಕೂ ಅವನು ಮನೆ ಹಿಂದೆ ಹೊಸದಾಗಿ ಕಟ್ಟಿಸಿದ ಗಾಜಿನ ಕೋಣೆ, ಆ ಕನ್ಸರ್ವೇಟರಿಯ ಗಾಜು ಎಷ್ಟು ಪದರದ್ದು ಎಂದು ಕೇಳಬೇಕು. ದಿನಕ್ಕೆ ಎರಡು ಬಾರಿ, ನಲವತ್ತು ನಿಮಿಷ, ನಾನು ಯಾರ ಡಾಕ್ಟರೂ ಗಂಡನೂ ಅಪ್ಪನೂ ಆಗದೆ ಇರುವುದು ಆ ಸೈಕಲ್ಲಿನ ಮೇಲೆ ಮಾತ್ರ. ಅದನ್ನು ಬಿಟ್ಟುಕೊಡುವ ಮನಸ್ಸು ನನಗೆ ಸುತಾರಾಂ ಇರಲಿಲ್ಲ.

ಹೆಂಡತಿ ವಸುಧಾ ಮೊಣಕೈಗೆ ಔಷಧ ಹಚ್ಚುತ್ತ ತೀರ್ಪು ಕೊಟ್ಟಳು. ನಾವಿಬ್ಬರೂ ಧಾರವಾಡದವರು, ಲಂಡನ್ನಿಗೆ ಬಂದು ಇಪ್ಪತ್ತು ವರ್ಷವಾದರೂ ಸಿಟ್ಟು ಬಂದಾಗ ನಮಗೆ ಬರುವುದು ಧಾರವಾಡದ ಮಾತೇ. "ಇನ್ನೊಮ್ಮೆ ಹಿಂಗ ಬಿದ್ದು ಬಂದ್ರಿ ಅಂದ್ರ ಸೈಕಲ್ ಚಾರಿಟಿ ಶಾಪಿಗೆ ಕೊಟ್ಟು ಬರ್ತೇನಿ, ನೋಡ್ರಿ."

ಮಗಳು ಕಂಪ್ಯೂಟರಿನಿಂದ ಕಣ್ಣೆತ್ತದೆ, "ಅಪ್ಪಾ, ಜಸ್ಟ್ ಗೆಟ್ ಅ ನ್ಯೂ ವನ್," ಎಂದಳು.

ಹೊಸ ಫೋರ್ಕುಗಳನ್ನು ನೋಡಿದೆ. ಒಂದಕ್ಕೆ ಗಾಳಿ ತುಂಬಬೇಕು, ಇನ್ನೊಂದಕ್ಕೆ ತಿರುಪು ತಿರುಗಿಸಬೇಕು, ಮೂರನೆಯದಕ್ಕೆ ಪುಸ್ತಕ ಓದಬೇಕು. ಇದ್ದಕ್ಕಿದ್ದಂತೆ ರೇಗಿಹೋಯಿತು. ಐವತ್ತು ದಾಟಿತೋ, ಜಗತ್ತೆಲ್ಲ ಸೇರಿ ನಮ್ಮ ಕೆಳಗೊಂದು ಸ್ಪ್ರಿಂಗ್ ಇಡಲು ಬರುತ್ತದೆ. ಮೆತ್ತನೆಯ ಸೋಫಾ, ಮೆತ್ತನೆಯ ಬೂಟು, ಮೆತ್ತನೆಯ ಅನ್ನ; ಕೊನೆಗೆ ಮಾತೂ ಮೆತ್ತಗೆ. ನನಗೆ ಬೇಡ. ನನ್ನ ಸೈಕಲ್ಲಿಗೆ ಸ್ಪ್ರಿಂಗೇ ಇಲ್ಲದ, ಅಲ್ಲಾಡದ, ಉಕ್ಕಿನ ಫೋರ್ಕ್ ಹಾಕಿಸುತ್ತೇನೆ ಎಂದು ಅಡುಗೆಮನೆಯಲ್ಲಿ ಘೋಷಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಬರೀ ಹಟವಲ್ಲ, ನನಗೆ ಕಾರಣವೂ ಇತ್ತು. ನಾನು ಮೂಳೆ ಡಾಕ್ಟರು, ಜನರ ತೊಡೆಯೊಳಗೆ ಲೋಹದ ಸರಳು ಕೂರಿಸುವವನು. ಗಟ್ಟಿ ಎನ್ನಿಸಿಕೊಂಡ ಯಾವುದೂ ಪೂರ್ತಿ ಗಟ್ಟಿಯಲ್ಲವೆಂದು ನನಗೆ ಗೊತ್ತು. ನೀವು ಒಂದೊಂದು ಹೆಜ್ಜೆ ಇಟ್ಟಾಗಲೂ ನಿಮ್ಮ ತೊಡೆಮೂಳೆ ಕಾಣದಷ್ಟು ಬಾಗಿ ನೆಟ್ಟಗಾಗುತ್ತಿರುತ್ತದೆ. ಉಕ್ಕಿನ ಫೋರ್ಕೂ ಹಾಗೆಯೇ; ಅದರ ತೆಳ್ಳನೆಯ ಕಾಲುಗಳು ಗುಂಡಿ ಬಂದಾಗ ಚೂರು ಹಿಂದೆ ಸರಿದು ಮತ್ತೆ ಜಾಗಕ್ಕೆ ಬರುತ್ತವೆ. ಅಲ್ಯುಮಿನಿಯಂ ಹಗುರ, ನಿಜ. ಆದರೆ ಅದು ಬಹಳ ದಿನ ಸುಮ್ಮನಿದ್ದು ಒಮ್ಮೆಲೇ ಮುರಿದುಬಿಡಬಹುದು. ಉಕ್ಕು ಸಾಮಾನ್ಯವಾಗಿ ಮೊದಲು ಬಾಗಿ, ತನಗೆ ಕಷ್ಟವಾಗುತ್ತಿದೆ ಎಂದು ತೋರಿಸುತ್ತದೆ. ಈ ಗುಣ ನನಗೆ ಮನುಷ್ಯರಲ್ಲೂ ಇಷ್ಟ.

ಹತ್ತಿರದ ವೆಂಬ್ಲಿಯಲ್ಲಿ ಸೀರೆಯಂಗಡಿಗೂ ತರಕಾರಿ ಅಂಗಡಿಗೂ ನಡುವೆ ಕಾಂತಿಭಾಯಿ ಎಂಬ ಗುಜರಾತಿ ಹಿರಿಯರ ಸೈಕಲ್ ರಿಪೇರಿ ಅಂಗಡಿ ಇತ್ತು. ಫೋನ್ ಮಾಡಿ ಉಕ್ಕಿನ ಫೋರ್ಕ್ ತರಿಸಿಕೊಡಿ ಎಂದೆ. ಹಳೆಯದರ ಉದ್ದ ತಿಳಿಯಬೇಕು, ಸೈಕಲ್ ತಂದು ತೋರಿಸಿ ಎಂದರು. "ಅಳತೆ ತೆಗೆಯುವುದನ್ನು ನನಗೆ ಕಲಿಸುತ್ತೀರಾ? ಇಪ್ಪತ್ತೈದು ವರ್ಷದಿಂದ ಕಾಲು ಅಳೆಯುತ್ತಿದ್ದೇನೆ!" ಎಂದು ನಕ್ಕೆ. ರೋಗಿಗಳಿಗೆ ಬಳಸುವ ಟೇಪನ್ನೇ ತಂದು, ಗೋಡೆಗೆ ಒರಗಿದ್ದ ಸೈಕಲ್ಲಿನ ಫೋರ್ಕನ್ನು ಗಾಲಿಯ ಅಚ್ಚಿನಿಂದ ಮೇಲಿನ ತುದಿಯವರೆಗೆ ಎರಡು ಸಲ ಅಳೆದು, ಮಿಲಿಮೀಟರ್ ಲೆಕ್ಕದಲ್ಲಿ ಹೇಳಿದೆ.

ಕಪ್ಪು ಬಣ್ಣದ ಹೊಸ ಫೋರ್ಕ್ ಬಂತು. ಕಾಂತಿಭಾಯಿ ಕೂರಿಸಿದವರೇ ಸೈಕಲ್ಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಮುಂದೆ ತಗ್ಗಿಲ್ಲವೇ ಡಾಕ್ಟರ್ ಸಾಹೇಬ್?" ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಇಳಿಜಾರಿನ ತಿರುವಿನಲ್ಲಿ ಹ್ಯಾಂಡಲ್ ನಾನು ಹೇಳುವ ಮುಂಚೆಯೇ ತಿರುಗಿತು. ಸೈಕಲ್ಲೂ ನಾನೂ ಯಾರದೋ ಮನೆಯ ಗಿಡದ ಬೇಲಿಯೊಳಗೆ ಹೋಗಿ ನಿಂತೆವು.

ಬೇಲಿ ಹಿಡಿದುಕೊಂಡದ್ದರಿಂದ ಅದು ಬಿದ್ದ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನು ವಾದಿಸಿದೆ. ವಸುಧಾ ನನ್ನ ಕೂದಲಿನಿಂದ ಎಲೆ ತೆಗೆಯುತ್ತಲೇ ಗುರುರಾಜನಿಗೆ ಫೋನ್ ಮಾಡಿದಳು. ಬರುವ ಸೋಮವಾರ ಬೆಳಿಗ್ಗೆ ಏಳಕ್ಕೆ ಅವನ ಕಾರು ನಮ್ಮ ಮನೆ ಮುಂದೆ ನಿಲ್ಲುವುದೆಂದು ನಿಶ್ಚಯವಾಯಿತು. ಸೈಕಲ್ಲನ್ನು ಸರಿಮಾಡಲು ನನ್ನ ಕೈಯಲ್ಲಿ ಐದು ದಿನ ಉಳಿದವು.

ಮರುದಿನ ವಾರ್ಡಿನಲ್ಲಿ ಕಿರಿಯ ಡಾಕ್ಟರೊಬ್ಬ, ಮಂಡಿ ಮಡಚಿ ಮಲಗಿದ್ದ ಅಜ್ಜಿಯ ಕಾಲಿಗೆ ಹಾಗೇ ಟೇಪು ಹಿಡಿದಿದ್ದ. "ಕಾಲು ಗಿಡ್ಡ ಕಾಣುವುದು ಬೇರೆ, ಗಿಡ್ಡ ಇರುವುದು ಬೇರೆ. ಮೊದಲು ನೆಟ್ಟಗೆ ಮಲಗಿಸು," ಎಂದು ಗದರಿದೆ. ಗದರುತ್ತಲೇ ನನ್ನ ಸೈಕಲ್ ನೆನಪಾಯಿತು. ಸ್ಪ್ರಿಂಗ್ ಸತ್ತು ಕುಸಿದು ಕೂತಿದ್ದ ಫೋರ್ಕನ್ನು ಅದೇ ಅದರ ನಿಜವಾದ ಉದ್ದ ಎಂದು ನಾನು ಅಳೆದಿದ್ದೆ, ಎರಡು ಇಂಚು ಕಡಿಮೆ. ಅದಕ್ಕೇ ಸೈಕಲ್ಲಿನ ಮುಂಭಾಗ ತಗ್ಗಿ, ಹ್ಯಾಂಡಲ್ ಮುಟ್ಟಿದರೆ ಸಾಕು ತಿರುಗುತ್ತಿತ್ತು. ಇಂಥ ತಪ್ಪಿಗೆ ನಾನು ಪರೀಕ್ಷೆಯಲ್ಲಿ ಹುಡುಗರನ್ನು ಫೇಲು ಮಾಡಿದ್ದೇನೆ.

ಕಾಂತಿಭಾಯಿಯ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋರ್ಕ್ ಹೊಸದಾಗಿದ್ದಾಗ ಎಷ್ಟು ಉದ್ದವಿತ್ತು, ಮೇಲೆ ಕೂತಾಗ ಎಷ್ಟು ಕುಗ್ಗುತ್ತಿತ್ತು ಎಂದು ನೋಡಿ, ಅದಕ್ಕೆ ಸರಿಹೋಗುವ ಉದ್ದನೆಯ ಉಕ್ಕಿನ ಫೋರ್ಕನ್ನು ಅವರೇ ಆರಿಸಿದರು. ಈ ಸಲ ನಾನು ಟೇಪು ಮುಟ್ಟಲಿಲ್ಲ. ಭಾನುವಾರ ಮಧ್ಯಾಹ್ನ ಸೈಕಲ್ ಮನೆಗೆ ಬಂತು.

"ಈಗ ಸರಿ ಆಗೇದ," ಎಂದೆ.

"ನೀವು ಹೇಳೂದು ಸಾಕು. ನಾನೇ ಹತ್ತಿ ನೋಡ್ತೇನಿ," ಎಂದಳು ವಸುಧಾ.

ಧಾರವಾಡದ ಏರು ರಸ್ತೆಯಲ್ಲಿ ಕಾಲೇಜಿಗೆ ಸೈಕಲ್ ತುಳಿದು ಹೋಗುತ್ತಿದ್ದವಳು ಅವಳು. ಅದು ನನಗೆ ಮರೆತೇ ಹೋಗಿತ್ತು, ಅವಳಿಗೂ ಮರೆತಿತ್ತೇನೋ. ಸಲ್ವಾರಿನ ಕಾಲು ಮೇಲೆ ಮಡಚಿ, ನನ್ನ ಹೆಲ್ಮೆಟ್ ಹಾಕಿಕೊಂಡು ಹೊರಟಳು. ಒಂದು ಸುತ್ತು ಎಂದವಳು ಐದು ಸುತ್ತು ಹಾಕಿದಳು. ಆರನೆಯದಕ್ಕೆ ಬೀದಿ ಬಿಟ್ಟು ಇಳಿಜಾರಿನ ಕಡೆಗೆ ತಿರುಗಿ ಕಾಣದಾದಳು. ನಾನು ಗೇಟಿನಲ್ಲಿ ಹತ್ತು ನಿಮಿಷ ಕೈ ಹಿಸುಕಿಕೊಳ್ಳುತ್ತ ನಿಂತೆ. ಇಷ್ಟು ವರ್ಷ ಅವಳು ಹೀಗೇ ನಿಂತಿರುತ್ತಿದ್ದಳು ಎಂದು ಆಗ ಹೊಳೆದು ನಾಚಿಕೆಯಾಯಿತು.

ಮುಖ ಕೆಂಪಗೆ ಮಾಡಿಕೊಂಡು ಬಂದಳು. "ಕೈ ಝುಂ ಅಂತಾವ. ಆದ್ರ ಗಾಲಿ ಎಲ್ಲಿ ಅದ, ಏನ್ ಮಾಡ್ಲಿಕತ್ತದ ಅಂತ ಗೊತ್ತಾಗ್ತದ." ಇಳಿಯದೆ ಸೀಟಿನ ಮೇಲೆ ಕೂತೇ ಹೇಳಿದಳು. ಒಳಗೆ ಹೋಗಿ ಅವಳೇ ಗುರುರಾಜನಿಗೆ ಫೋನ್ ಮಾಡಿದಳು: "ನಾಳೆ ಬರಬ್ಯಾಡ್ರಿ. ಅವರು ಸೈಕಲ್ ಮ್ಯಾಲೇ ಹೋಗ್ತಾರ."

ಸೋಮವಾರ ಇಳಿಜಾರಿನಲ್ಲಿ ಹೊಸ ಫೋರ್ಕ್ ರಸ್ತೆಯ ಒಂದೊಂದು ಕಲ್ಲನ್ನೂ ಅಂಗೈಗೆ ಮುಟ್ಟಿಸುತ್ತಿತ್ತು. ಮೊಣಕೈವರೆಗೆ ನಡುಗುತ್ತ, ಹಲ್ಲು ಕಟಕಟಿಸುತ್ತ, ಯಾರ ಮಾತನ್ನೂ ಕೇಳದ ಮನುಷ್ಯನ ಹೆಮ್ಮೆಯಿಂದ ನಾನು ಹೋಗುತ್ತಿದ್ದೆ. ಸಂಜೆ ಸರಿಯಾಗಿ ಆರಕ್ಕೆ ಸೈಕಲ್ಲನ್ನು ವಸುಧಾಳಿಗೆ ತಂದೊಪ್ಪಿಸಬೇಕು ಎಂಬ ಒಂದೇ ಷರತ್ತಿನ ಮೇಲೆ.