ಅಕ್ಕ ಬಿಡಿಸಿದ ನಲವತ್ತು ಪುಟ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಸೋಮವಾರಪೇಟೆ ಹತ್ತಿರ ಮೇಷ್ಟ್ರಾಗಿದ್ದ ನಾನು ಮೊದಲ ಕಾದಂಬರಿ ಬರೆದು ಮೈಸೂರಿನ ಪ್ರಕಾಶಕರೊಬ್ಬರಿಗೆ ಕಳಿಸಿದ್ದೆ. ಎರಡು ತಿಂಗಳಿಗೆ ಹಸ್ತಪ್ರತಿ ವಾಪಸು ಬಂತು. ಜೊತೆಗಿದ್ದ ಕಾಗದದಲ್ಲಿ, ಕಥೆ ಹಿಡಿಸಿದೆ, ನಲವತ್ತು ಪುಟ ಕಡಿಮೆ ಮಾಡಿದರೆ ಅಚ್ಚು ಹಾಕಿಸುತ್ತೇವೆ ಎಂದು ಬರೆದಿದ್ದರು.

ವಾರವಿಡೀ ಕೆಂಪು ಪೆನ್ಸಿಲ್ ಹಿಡಿದು ಕೂತೆ. ವಾಕ್ಯ ವಾಕ್ಯ ಹೊಡೆದುಹಾಕಿದರೂ ಮೂರು ಪುಟಕ್ಕಿಂತ ಹೆಚ್ಚು ಇಳಿಯಲಿಲ್ಲ. ಬೇಸತ್ತು, ಏಲಕ್ಕಿ ಆರಿಸುತ್ತಿದ್ದ ಅಕ್ಕನ ಮುಂದೆ ಕೂತು ಮೊದಲಿನಿಂದ ಓದತೊಡಗಿದೆ. ನಾಯಕಿಯ ಅಜ್ಜ ಕಾಡು ಕಡಿದು ತೋಟ ಮಾಡಿದ ಕಥೆ ಮುಗಿಯುವಷ್ಟರಲ್ಲಿ ಅಕ್ಕ ಆಕಳಿಸಿದಳು.

"ಹುಡುಗಿ ಗಂಡನ ಮನೆ ಬಿಟ್ಟು ಬರ್ತಾಳೆ ಅಂದಿದ್ದೆಯಲ್ಲ, ಯಾವಾಗ ಬರ್ತಾಳೋ?"

"ನಾಲ್ಕನೇ ಅಧ್ಯಾಯದಲ್ಲಿ."

"ಹಂಗಾದ್ರೆ ಅಲ್ಲಿಂದಾನೇ ಓದು."

ಓದಿದೆ. ಹುಡುಗಿ ಟ್ರಂಕು ಹಿಡಿದು ಬಸ್ಸಿಳಿದಳು. ಅಕ್ಕನ ಕೈ ಮೊರದ ಮೇಲೇ ನಿಂತುಹೋಯಿತು. ಅಧ್ಯಾಯ ಮುಗಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅವಳನ್ನ ನೋಡಿ ಅಪ್ಪ ಯಾಕೆ ಬಾಗಿಲು ಹಾಕ್ಕೊಂಡ?"

ಅದಕ್ಕೆ ಉತ್ತರ ಬಿಟ್ಟುಬಿಟ್ಟ ಮೂರು ಅಧ್ಯಾಯಗಳಲ್ಲಿತ್ತು. ಎರಡು ಸಾಲಿನಲ್ಲಿ ಬರೆದು ಅಲ್ಲೇ ಸೇರಿಸಿದೆ. ಅಜ್ಜನ ಬಗ್ಗೆ ಅವಳು ಕೇಳಲೇ ಇಲ್ಲ. ಪುಟ ಎಣಿಸಿದರೆ ನಲವತ್ತಕ್ಕೂ ಎರಡು ಹೆಚ್ಚೇ ಹೋಗಿದ್ದವು. ಅಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿಯಿತು.

ಮರುದಿನ ಪೇಟೆಯಲ್ಲಿ ಕಟ್ಟನ್ನು ಅಂಚೆಗೆ ಹಾಕಿ, ಎದುರಿನ ಹೋಟೆಲಿಗೆ ಹೋಗಿ, ವಾರದಿಂದ ಸರಿಯಾಗಿ ಉಣ್ಣದಿದ್ದವನು ನಾಲ್ಕು ದೋಸೆ ತಿಂದೆ.