ಎಲ್ಲರಿಗೂ ಅಮ್ಮ, ಮಗಳಿಗೆ ಮೇಡಂ

ಅನಾಥಾಲಯದ ವಾರ್ಡನ್‌ಗೂ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರುತ್ತಾರೆ. ಅದನ್ನು ಮರೆತರೆ ನಮಗೆ ಅನುಕೂಲ.

ನಾನು ಕಂಡ ವಾರ್ಡನ್‌ಗೆ ಆ ಕೆಲಸವೇ ಉಸಿರು. ನಲವತ್ತು ಮಕ್ಕಳ ತಲೆ ಬಾಚಿ, ಊಟ ಬಡಿಸಿ, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುವವಳು ಆಕೆಯೊಬ್ಬಳೇ. ಅವರೆಲ್ಲರಿಗೂ ಆಕೆ ‘ಅಮ್ಮ’. ಶಾಲೆ ಮುಗಿಸಿ ಅಲ್ಲಿಗೇ ಬರುವ ಸ್ವಂತ ಮಗಳು ಮಾತ್ರ ‘ಮೇಡಂ’ ಎನ್ನಬೇಕು. ಉಳಿದ ಮಕ್ಕಳಿಗೆ ನೋವಾಗಬಾರದೆಂದು ತಾಯಿಯೇ ಮಾಡಿದ ನಿಯಮ.

ಮೊನ್ನೆ ಆ ಹುಡುಗಿ ಅಂಗಳದಲ್ಲಿ ಜಾರಿಬಿದ್ದು ಹಲ್ಲು ಮುರಿದುಕೊಂಡಳು. ಬಾಯ್ತುಂಬ ರಕ್ತ. ಆಗಲೂ ಕೂಗಿದ್ದು “ಮೇಡಂ!” ಎಂದೇ.

ತಾಯಿ ಅವತ್ತೇ ಹೋಗಿ ಅನಾಥಾಲಯದ ಕಾರ್ಯದರ್ಶಿಯ ಮುಂದೆ ನಿಂತಳು.

“ಸರ್, ಇನ್ನೊಬ್ರನ್ನ ಕೆಲಸಕ್ಕೆ ತಗೊಳ್ಳಿ. ಸಂಜೆ ಹೊತ್ತಾದ್ರೂ ಮಗಳ ಜೊತೆ ಮನೇಲಿರ್ತೀನಿ.”

ಆತ ಹಲ್ಲು ಕಿರಿದ. “ಇದು ನೌಕರಿ ಅಲ್ಲಮ್ಮ, ತಪಸ್ಸು. ತಾಯಿಗೆ ಎಲ್ಲಾದ್ರೂ ರಜಾ ಇರುತ್ತಾ?”

“ನನ್ನ ಮಗಳ ತಾಯಿ ವರ್ಷವೆಲ್ಲ ರಜಾದಲ್ಲೇ ಇದ್ದಾಳೆ ಸರ್.”

ಆತ ಅದಕ್ಕೂ ನಕ್ಕ. ಥೂ! ಇನ್ನೊಬ್ಬರ ಪ್ರೀತಿಯನ್ನು ಹಿಂಡಿಕೊಂಡು ‘ಸೇವೆ’ ಎಂದು ಬೋರ್ಡು ಬರೆಸುವ ಜನ ಇವರು.

ಹುಟ್ಟುಹಬ್ಬಕ್ಕೆ ಕೇಕು ಹೊತ್ತುಕೊಂಡು ಹೋಗಿ ಅನಾಥಾಲಯದಲ್ಲಿ ಫೋಟೋ ತೆಗೆಸಿಕೊಳ್ಳುವ ಮಹನೀಯರೇ, ಮುಂದಿನ ಸಲ ಚಾಕು ಎತ್ತುವ ಮೊದಲು ಆ ಕಾರ್ಯದರ್ಶಿಯನ್ನು ಕೇಳಿ: ಎರಡನೇ ವಾರ್ಡನ್ ಎಲ್ಲಿ?